ಊರಿನ ತೂಗುಮಣೆ ಆಸ್ಟ್ರೇಲಿಯಾಕ್ಕೆ: ಮರದ ಪೆಟ್ಟಿಗೆ ಮಾಡಿಸುವ ಮುನ್ನ

ಮೆಲ್ಬರ್ನ್, ಸಿಡ್ನಿಯಲ್ಲಿ ಸ್ವಂತ ಮನೆ ಆದ ಮೇಲೆ ನಮ್ಮವರಿಗೆ ಊರಿನ ತೂಗುಮಣೆ, ಅಜ್ಜಿಯ ವೀಣೆ, ದೇವರ ಮಂಟಪ ಬೇಕೆನಿಸುತ್ತದೆ. ಬೆಂಗಳೂರಿನ ಪ್ಯಾಕಿಂಗ್‌ನವರಿಗೆ ಫೋನ್ ಹೋಗುತ್ತದೆ. "ಗಟ್ಟಿಯಾಗಿ ಮಾಡಿಕೊಡ್ತೀವಿ ಸಾರ್, ಮೇಲಿಂದ ಬಿದ್ರೂ ಏನೂ ಆಗಲ್ಲ" ಅನ್ನುತ್ತಾರೆ. ಗಟ್ಟಿ ಇರಲಿ, ಬೇಕು. ಆದರೆ ಇಲ್ಲಿ ಆಸ್ಟ್ರೇಲಿಯಾದ ಬಂದರಿನಲ್ಲಿ ಅಧಿಕಾರಿ ಮೊದಲು ಹುಡುಕುವುದು ಹುಳುವನ್ನು. ಆ ಪೆಟ್ಟಿಗೆಯನ್ನು ಅವರು ತೆರೆಯುತ್ತಾರೆ ಎಂದುಕೊಂಡೇ ಮಾಡಿಸಿ.

ಮೊದಲು ಮರದ ಮೇಲಿನ ಮುದ್ರೆ. ಮರದ ಪ್ಯಾಕಿಂಗ್‌ಗೆ ಐಎಸ್‌ಪಿಎಂ 15 ಎಂಬ ಅಂತಾರಾಷ್ಟ್ರೀಯ ನಿಯಮವಿದೆ. 2002ರಲ್ಲಿ ಬಂದದ್ದು. ಹಲಗೆಯ ಒಳತಿರುಳು 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 30 ನಿಮಿಷ ಇರಬೇಕು, ಇಲ್ಲವೇ ಮೀಥೈಲ್ ಬ್ರೋಮೈಡ್ ಎಂಬ ಹುಳು ಕೊಲ್ಲುವ ವಿಷಾನಿಲ ಕೊಡಬೇಕು. ಬೇರೆ ಒಂದೆರಡು ವಿಧಾನಗಳೂ ಇವೆ, ನಮ್ಮ ಕಡೆ ಜಾಸ್ತಿ ಕಾಣುವುದು ಇವೆರಡೇ. ಮುದ್ರೆಯನ್ನು ಹೀಗೆ ಓದಿ: ಎಡಗಡೆ ಗೋಧಿ ತೆನೆಯಂಥ ಚಿತ್ರ, ಪಕ್ಕದಲ್ಲಿ ಐಪಿಪಿಸಿ ಅಕ್ಷರ, ಆಮೇಲೆ ಭಾರತಕ್ಕೆ ಐಎನ್, ಜೊತೆಗೆ ಘಟಕದ ನಂಬರು, ಕೊನೆಗೆ ಶಾಖಕ್ಕೆ ಎಚ್‌ಟಿ ಅಥವಾ ಅನಿಲಕ್ಕೆ ಎಂಬಿ. ಕೈಯಲ್ಲಿ ಬರೆದದ್ದು ನಡೆಯುವುದಿಲ್ಲ. ಪೆಟ್ಟಿಗೆಯ ಎದುರುಬದುರು ಎರಡು ಬದಿಯಲ್ಲಾದರೂ ಕಾಣಬೇಕು. ಪೆಟ್ಟಿಗೆ ಮನೆಯಿಂದ ಹೊರಡುವ ಮುನ್ನ ಇದರ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ.

ಜನ ಎಡವುವುದು ಪ್ಲೈವುಡ್ ವಿಷಯದಲ್ಲಿ. ಪ್ಲೈವುಡ್‌ಗೆ ಈ ನಿಯಮದಲ್ಲಿ ವಿನಾಯಿತಿ ಇದೆ, ಅದು ನಿಜ. ಆದರೆ ಪ್ಲೈವುಡ್ ಪೆಟ್ಟಿಗೆಗೂ ಮೂಲೆಯಲ್ಲಿ ರೀಪು, ಕೆಳಗೆ ಫೋರ್ಕ್‌ಲಿಫ್ಟ್ ನುಗ್ಗಲು ದಪ್ಪ ಮರದ ಅಡಿಪಟ್ಟಿ ಇರುತ್ತದಲ್ವಾ? ಅದು ಪ್ಲೈವುಡ್ ಅಲ್ಲ, ಮಾಮೂಲಿ ಮರವೇ. 6 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಅದಕ್ಕೆ ಮುದ್ರೆ ಬೇಕು. ಬಡಗಿ ಕೊನೇ ಗಳಿಗೆಯಲ್ಲಿ ಮೂಲೆಯಲ್ಲಿ ಬಿದ್ದಿದ್ದ ತುಂಡನ್ನು ಆಸರೆಗೆಂದು ಹೊಡೆದರೂ ಕೆಲಸ ಕೆಟ್ಟಿತು. ಮುದ್ರೆ ಇಲ್ಲದ ಮರ ಸಿಕ್ಕರೆ ಇಲ್ಲೇ ಉಪಚಾರ ಮಾಡಿಸಬೇಕು, ವಾಪಸ್ ಕಳಿಸಬೇಕು, ಇಲ್ಲವೇ ನಾಶ ಮಾಡಬೇಕು. ಯಾವುದಾದರೂ ಖರ್ಚು ನಿಮ್ಮದೇ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಆ ಮುದ್ರೆ ಪೆಟ್ಟಿಗೆಗೆ ಮಾತ್ರ. ಒಳಗಿನ ತೂಗುಮಣೆಗೂ ಅದಕ್ಕೂ ಸಂಬಂಧವಿಲ್ಲ. ಮಣೆಯ ತಳ, ವೀಣೆಯ ಕೊಡದ ಒಳಭಾಗ, ಮಂಟಪದ ಸಂದಿ, ಇಲ್ಲೆಲ್ಲ ಸೂಜಿ ತೂರುವಷ್ಟು ತೂತು ಇದೆಯಾ ನೋಡಿ. ಬಿಳಿ ಕಾಗದ ಹಾಸಿ ಅದರ ಮೇಲೆ ಮಣೆ ಇಟ್ಟು ಮೆಲ್ಲಗೆ ತಟ್ಟಿ, ಎರಡು ದಿನ ಹಾಗೇ ಬಿಡಿ. ಕಾಗದದ ಮೇಲೆ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಕೊರೆಹುಳು ಇರುವ ಸಾಧ್ಯತೆ ಹೆಚ್ಚು. ಆಗ ಅನಿಲ ಕೊಡಿಸಿ. ಅದನ್ನೂ ಆಸ್ಟ್ರೇಲಿಯಾದ ಕೃಷಿ ಇಲಾಖೆ ಒಪ್ಪಿದ ಸಂಸ್ಥೆಯಿಂದಲೇ ಮಾಡಿಸಿ ಪ್ರಮಾಣಪತ್ರ ಪಡೆಯಿರಿ. ಪ್ಲಾಸ್ಟಿಕ್ ಸುತ್ತುವ ಮುಂಚೆ ಮಾಡಿಸಬೇಕು, ಸುತ್ತಿದ ಮೇಲೆ ಅನಿಲ ಒಳಗೆ ಹೋಗುವುದಿಲ್ಲ. ಚರ್ಮ, ರಬ್ಬರ್, ಉಣ್ಣೆಯ ವಸ್ತುಗಳನ್ನು ಆ ಹೊತ್ತಿಗೆ ಬೇರೆ ಇಡಿ, ಇಲ್ಲದಿದ್ದರೆ ಹಿಡಿದ ವಾಸನೆ ಬಿಡುವುದೇ ಇಲ್ಲ.

ಮಣೆ ಬೀಟೆಯದಾ? ಹಾಗಾದರೆ ಮೊದಲು ಪರವಾನಗಿ ವಿಚಾರಿಸಿ. ಬೀಟೆಯ ಕುಲವೆಲ್ಲ 2017ರಿಂದ ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ. ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆಗಳನ್ನು 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಹೊಸ ಪಂಚಲೋಹದ ವಿಗ್ರಹವಾದರೂ ಹಳತಲ್ಲ ಎಂಬ ಪತ್ರವನ್ನು ಪುರಾತತ್ವ ಇಲಾಖೆಯಿಂದ ಪಡೆದಿಟ್ಟುಕೊಂಡರೆ ಕಿರಿಕಿರಿ ತಪ್ಪುತ್ತದೆ.

ಅಳತೆಗೆ ಬರೋಣ. ಹಡಗಿನಲ್ಲಿ ಕಂಟೇನರ್ ಹಂಚಿಕೊಂಡು ಕಳಿಸುವಾಗ ಬಾಡಿಗೆ ಸಾಮಾನ್ಯವಾಗಿ ಘನಮೀಟರ್ ಲೆಕ್ಕ, ಅದೂ ಪೆಟ್ಟಿಗೆಯ ಹೊರ ಅಳತೆ. 120 ಸೆಂಟಿಮೀಟರ್ ಉದ್ದ, 60 ಅಗಲ, 10 ದಪ್ಪದ ಮಣೆ ಬರೀ 0.07 ಘನಮೀಟರ್. ಸುತ್ತ ಫೋಮು, ಹಲಗೆ, ಕೆಳಗೆ ಅಡಿಪಟ್ಟಿ ಸೇರಿ 135, 75, 35 ಆದರೆ 0.35 ದಾಟುತ್ತದೆ. ಐದು ಪಟ್ಟು! ಸಿದ್ಧ ಪೆಟ್ಟಿಗೆಗಿಂತ ಅಳತೆ ಕೊಟ್ಟು ಮಾಡಿಸುವುದು ಲಾಭ ಎನ್ನುವುದು ಇದಕ್ಕೇ. ಆದರೆ ಎಷ್ಟೋ ಕಡೆ ಕನಿಷ್ಠ ಒಂದು ಘನಮೀಟರ್ ಬಾಡಿಗೆ ಕೊಡಲೇಬೇಕು. ಹಾಗಿದ್ದರೆ ಸೆಂಟಿಮೀಟರ್ ಉಳಿಸಲು ಫೋಮು ತೆಳು ಮಾಡಬೇಡಿ, ಸುಮ್ನೆ ನಷ್ಟ. ಮೆಲ್ಬರ್ನ್ ಡಿಪೋದ ಇಳಿಸುವ ಶುಲ್ಕವನ್ನೂ ಬೆಂಗಳೂರಿನಲ್ಲೇ ಲಿಖಿತವಾಗಿ ಕೇಳಿ. ಅಗ್ಗ ಎನಿಸಿದ ಕೊಟೇಶನ್‌ಗಳಲ್ಲಿ ಅದೇ ಕಾಣೆಯಾಗಿರುತ್ತದೆ.

ಮುಚ್ಚಳಕ್ಕೆ ಮೊಳೆ ಬೇಡ, ಸ್ಕ್ರೂ ಹಾಕಿಸಿ. ಮೊಳೆ ಕೀಳುವಾಗ ಹಲಗೆ ಸೀಳುತ್ತದೆ, ಮತ್ತೆ ಮುಚ್ಚುವಾಗ ಸರಿಯಾಗಿ ಕೂರುವುದಿಲ್ಲ. ಇಲ್ಲಿನ ತಪಾಸಣೆಗೆ ಕಾಲು ಗಂಟೆಗಿಷ್ಟು ಅಂತ ದುಡ್ಡು, ಬೇಗ ತೆರೆದಷ್ಟೂ ನಿಮಗೇ ಒಳ್ಳೆಯದು. ಮರದ ವಸ್ತುಗಳನ್ನೆಲ್ಲ ಮೇಲ್ಗಡೆ, ಕೈಗೆ ಸಿಗುವ ಹಾಗೆ ಇಡಿಸಿ. ಪ್ರತಿ ಪೆಟ್ಟಿಗೆಗೂ ಬೇರೆ ಪಟ್ಟಿ ಮಾಡಿ. "ಮನೆ ಸಾಮಾನು" ಅಂತ ಒಂದೇ ಸಾಲು ಬರೆದರೆ ಎಲ್ಲವನ್ನೂ ಹೊರಗೆ ತೆಗೆಯುತ್ತಾರೆ.

ಇನ್ನು ಅಮ್ಮಂದಿರು. ತೂಗುಮಣೆಯ ಪಕ್ಕದಲ್ಲಿ ಜಾಗ ಖಾಲಿ ಕಂಡರೆ ಅವರಿಗೆ ಕೈ ಕಟ್ಟಿಕೊಂಡು ಕೂರಲು ಆಗುವುದಿಲ್ಲ. ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ, ತೊಗರಿಬೇಳೆ, ಕೊತ್ತಂಬರಿ ಬೀಜ ತುರುಕುತ್ತಾರೆ. ಖಾಪ್ರಾ ಎಂಬ ಧಾನ್ಯದ ಕೀಟದ ಭಯದಿಂದ ಆಸ್ಟ್ರೇಲಿಯಾ ಅಕ್ಕಿ, ಬೇಳೆ, ಜೀರಿಗೆ, ಕಡಲೆಕಾಯಿ, ಒಣಮೆಣಸಿನಕಾಯಿಯಂಥವನ್ನು ಹೀಗೆ ಬರುವ ಮನೆ ಸಾಮಾನಿನಲ್ಲಿ ನಿಷೇಧಿಸಿದೆ. ಮೊದಲೇ ಹೇಳಿಬಿಡಿ, ಬೇಜಾರಾದರೂ ಪರವಾಗಿಲ್ಲ. ತುಂಬಲು ಹುಲ್ಲೂ ಬೇಡ, ಹಣ್ಣಿನ ಅಥವಾ ಮೊಟ್ಟೆಯ ಹಳೇ ಡಬ್ಬವೂ ಬೇಡ. ಫೋಮು, ಹೊಸ ರಟ್ಟು ಸಾಕು.

ಕಾಗದಪತ್ರದಲ್ಲಿ ಬಿ534 ಎಂಬ ಫಾರಂ ಮುಖ್ಯ, ಜೊತೆಯಲ್ಲಿ ಬಾರದ ಸ್ವಂತ ಸಾಮಾನಿಗೆ ಅದೇ. ಅದರಲ್ಲಿ ಮರದ ವಸ್ತು ಇದೆಯೇ ಎಂಬ ಪ್ರಶ್ನೆಗೆ ಹೌದು ಅಂತಲೇ ಬರೆಯಿರಿ. ಆಸ್ಟ್ರೇಲಿಯಾಕ್ಕೆ ವಾಸಕ್ಕೆ ಬರುವ ಮುನ್ನ 12 ತಿಂಗಳು ನೀವೇ ಇಟ್ಟುಕೊಂಡು ಬಳಸಿದ ಸಾಮಾನಿಗೆ ಸುಂಕ, ಜಿಎಸ್‌ಟಿ ವಿನಾಯಿತಿ ಸಿಗುತ್ತದೆ. ಇಲ್ಲಿಗೆ ಬಂದು ವರ್ಷಗಳಾದ ಮೇಲೆ ಚನ್ನಪಟ್ಟಣದಲ್ಲಿ ಹೊಸದು ಮಾಡಿಸಿ ತರಿಸುವುದಾದರೆ ಆ ಲೆಕ್ಕ ಬೇರೆ, ಕಸ್ಟಮ್ಸ್ ಏಜೆಂಟ್ ಹಿಡಿಯುವುದೇ ವಾಸಿ.

ಸಾಮಾನು ಬಂದ ಮೇಲೆ ಪೆಟ್ಟಿಗೆಯ ಮರ ಉಳಿಯುತ್ತದೆ. ಎಚ್‌ಟಿ ಮುದ್ರೆ ಇದ್ದರೆ ಹಿತ್ತಲಿನ ಕರಿಬೇವಿನ ಕುಂಡಕ್ಕೆ ಸ್ಟ್ಯಾಂಡ್ ಮಾಡಿಕೊಳ್ಳಿ. ಎಂಬಿ ಅಂತಿದ್ದರೆ ಬಾರ್ಬೆಕ್ಯೂಗೆ ಮಾತ್ರ ಹಾಕಬೇಡಿ.