ಮುಟ್ಟಿಗೆ ಮುಂಚಿನ ಮನಸ್ಸಿನ ಏರುಪೇರು: ಡೈರಿಯಿಂದ ಚಿಕಿತ್ಸೆಯವರೆಗೆ

ಮುಟ್ಟಿಗೆ ವಾರವಿದೆ ಎನ್ನುವಾಗ ಅಳು, ಸಿಡುಕು, ಬದುಕೇ ಬೇಡವೆನ್ನುವಷ್ಟು ಬೇಸರ. ಸ್ರಾವ ಶುರುವಾಗಿ ಎರಡು ಮೂರು ದಿನಕ್ಕೆ ಎಲ್ಲ ತಿಳಿ. ಇದು ಪಿಎಂಡಿಡಿ (ಪ್ರೀಮೆನ್‌ಸ್ಟ್ರುಯಲ್ ಡಿಸ್ಫೋರಿಕ್ ಡಿಸಾರ್ಡರ್, ಮುಟ್ಟಿಗೆ ಮುಂಚೆ ಮನಸ್ಸು ತೀವ್ರವಾಗಿ ಕೆಡುವ ಕಾಯಿಲೆ) ಇರಬಹುದು. ಹಟವೆಂದು ಗದರುವ ಮನೆಯವರಿಗೂ ಇದು ಗೊತ್ತಿರಲಿ: ಹಾರ್ಮೋನ್ ಪ್ರಮಾಣ ಸಾಮಾನ್ಯವಾಗಿಯೇ ಇರುತ್ತದೆ, ಅದರ ಏರಿಳಿತಕ್ಕೆ ಮಿದುಳು ಅತಿಯಾಗಿ ಸ್ಪಂದಿಸುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಸಿಗದು.

ಪತ್ತೆಗೆ ಬೇಕಾದ್ದು ಡೈರಿ. ಕನಿಷ್ಠ 2 ಋತುಚಕ್ರ, ಪ್ರತಿ ರಾತ್ರಿ ಸಿಟ್ಟು, ದುಃಖ, ಆತಂಕ, ನಿದ್ದೆಯ ತೊಂದರೆ, ಹೊಟ್ಟೆಯುಬ್ಬರಕ್ಕೆ 1ರಿಂದ (ಇಲ್ಲವೇ ಇಲ್ಲ) 6ರವರೆಗೆ (ವಿಪರೀತ) ಅಂಕ ಕೊಡಿ. ಸ್ರಾವದ ದಿನಗಳಿಗೆ ಗುರುತು ಹಾಕಿ. ತಿಂಗಳ ಕೊನೆಗೆ ನೆನಪಿನಿಂದ ತುಂಬಿಸಿದರೆ ಕೆಟ್ಟ ದಿನಗಳೇ ಎದ್ದು ಕಂಡು ಲೆಕ್ಕ ತಪ್ಪುತ್ತದೆ. ಮುಟ್ಟು ನಿಂತ ನಂತರದ ವಾರವೂ ಅಂಕ ಇಳಿಯದಿದ್ದರೆ ಖಿನ್ನತೆಯೋ ಥೈರಾಯ್ಡ್ ತೊಂದರೆಯೋ ಎಂದು ನೋಡಿಸಬೇಕು.

ವೈದ್ಯರು ಸಾಮಾನ್ಯವಾಗಿ ಫ್ಲುಆಕ್ಸೆಟಿನ್ 20 ಮಿ.ಗ್ರಾಂ ಅಥವಾ ಸರ್ಟ್ರಲಿನ್ 50 ಮಿ.ಗ್ರಾಂ ಕೊಡುತ್ತಾರೆ: ದಿನವೂ, ಇಲ್ಲವೇ ಮುಟ್ಟಿಗೆ 14 ದಿನ ಮೊದಲಿಂದ ಸ್ರಾವ ಶುರುವಾಗುವವರೆಗೆ ಮಾತ್ರ. ಇವು ಖಿನ್ನತೆಗೂ ಕೊಡುವ ಮಾತ್ರೆಗಳು, ಖಿನ್ನತೆಗಾದರೆ ಗುಣ ಕಾಣಲು ವಾರಗಟ್ಟಲೆ ಕಾಯಬೇಕು. ಇಲ್ಲಿ ಕೆಲವೇ ದಿನಗಳಲ್ಲಿ ಗುಣ ಕಾಣಬಹುದು. ಮುಟ್ಟು ಹಿಂದುಮುಂದಾಗುವವರಿಗೆ ಆ 14 ದಿನದ ಲೆಕ್ಕ ಕೈಗೆ ಸಿಗದು, ದಿನವೂ ತೆಗೆದುಕೊಳ್ಳುವುದೇ ವಾಸಿ. ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಹಿನ್ನೆಲೆ ಇದ್ದರೆ ಮಾತ್ರೆಗೆ ಮೊದಲೇ ಹೇಳಿಬಿಡಿ.

ಸಾಯುವ ಯೋಚನೆ ಬಂದರೆ ಡೈರಿ ಮುಗಿಯಲೆಂದು ಕಾಯಬೇಡಿ. ತಕ್ಷಣ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.