ಮೂರು ತಲೆಮಾರು, ಒಂದೇ ತಂಡ: ಬೇಸಿಗೆಯ ಕುಟುಂಬ ಸಮ್ಮಿಲನದ ನನ್ನ ಅನುಭವ

ಬೇಸಿಗೆ ರಜೆಯಲ್ಲಿ ನಮ್ಮ ಮನೆತನದವರನ್ನೆಲ್ಲ ಒಂದೆಡೆ ಸೇರಿಸುವ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಜನರನ್ನು ಸೇರಿಸುವುದು ಅಷ್ಟೇನೂ ಕಷ್ಟವಲ್ಲ, ಸೇರಿದವರು ಬೆರೆಯುವಂತೆ ಮಾಡುವುದೇ ನಿಜವಾದ ಕೆಲಸ. ಅವರ ಪಾಡಿಗೆ ಬಿಟ್ಟರೆ ಹಿರಿಯರು ಒಂದು ಕೋಣೆ ಹಿಡಿದು ಮೊಣಕಾಲು ನೋವಿನ ಮಾತಿಗೆ ಇಳಿಯುತ್ತಾರೆ, ನಡುವಯಸ್ಸಿನವರು ಅಡುಗೆಮನೆ ಮತ್ತು ಹೆಬ್ಬಾಗಿಲ ನಡುವೆ ಓಡಾಡುತ್ತಲೇ ಇರುತ್ತಾರೆ, ಹದಿಹರೆಯದವರು ಮೊಬೈಲ್ ಹಿಡಿದು ಮಹಡಿ ಹತ್ತುತ್ತಾರೆ. ಎರಡು ದಿನ ಒಂದೇ ಸೂರಿನಡಿ ಇದ್ದವರು ಹೊರಡುವಾಗ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಹಾಗಾಗಿ ಆಟವಿರಲಿ, ಊರು ಸುತ್ತುವುದಿರಲಿ, ಒಂದೇ ಪ್ರಶ್ನೆ ಕೇಳಿಕೊಂಡು ಆರಿಸುತ್ತೇನೆ: ಇದರಲ್ಲಿ ಎಪ್ಪತ್ತರ ಅಜ್ಜಿಯೂ ಏಳರ ಹುಡುಗನೂ ಜೊತೆಯಾಗಿ ಇರಬಲ್ಲರೇ? ಇರಲಾರರು ಎಂದಾದರೆ ಅದು ಎಷ್ಟೇ ಸೊಗಸಾಗಿದ್ದರೂ ಕೈಬಿಡುತ್ತೇನೆ.

ದಿನಾಂಕದ ವಿಷಯವನ್ನು ಬೇಗ ಮುಗಿಸಿಬಿಡಬೇಕು. ಯಾರಿಗೆ ಯಾವಾಗ ಅನುಕೂಲ ಎಂದು ಎಲ್ಲರನ್ನೂ ಕೇಳುತ್ತಾ ಹೋದರೆ ರಜೆ ಮುಗಿದರೂ ತೀರ್ಮಾನವಾಗುವುದಿಲ್ಲ. ಮಕ್ಕಳ ಪರೀಕ್ಷೆ, ತೀರಾ ಹಿರಿಯರ ಆರೋಗ್ಯ ಇವೆರಡನ್ನು ನೋಡಿಕೊಂಡು ನಾನೇ ಎರಡು ದಿನಾಂಕ ಮುಂದಿಡುತ್ತೇನೆ, ಹೆಚ್ಚು ಜನ ಒಪ್ಪಿದ್ದು ಖಾಯಂ. ವಾಟ್ಸ್ಆಪ್ ಗುಂಪಿಗೆ ಹಾಕಿದ ಮಾತ್ರಕ್ಕೆ ಕರೆದಂತಾಗುವುದಿಲ್ಲ. ಅರವತ್ತು ದಾಟಿದ ಪ್ರತಿಯೊಬ್ಬರಿಗೂ ಫೋನ್ ಮಾಡಿ ಬಾಯಿ ತುಂಬ ಕರೆಯುತ್ತೇನೆ. ಖರ್ಚನ್ನು ದುಡಿಯುವವರು ಹಂಚಿಕೊಳ್ಳುತ್ತಾರೆ. ಯಾರು ಎಷ್ಟು ಕೊಟ್ಟರು ಎಂಬುದು ಲೆಕ್ಕ ಇಡುವ ಒಬ್ಬರಲ್ಲೇ ಉಳಿಯಬೇಕು. ಹಣ ಕೊಡಲಾಗದ ಸಂಕೋಚಕ್ಕೆ ಒಬ್ಬರು ಬರದೆ ಉಳಿದರೂ ನನಗೆ ಆ ಸಮ್ಮಿಲನ ಬೇಡ.

ಬೇಸಿಗೆಯ ಕಾರ್ಯಕ್ರಮಪಟ್ಟಿಯನ್ನು ಬರೆಯುವವನು ಸೂರ್ಯ. ಬೆಳಗ್ಗೆ ಬಿಸಿಲೇರುವ ಮೊದಲು ಊರು ಸುತ್ತುವುದು, ಮಧ್ಯಾಹ್ನ ಒಳಗೆ ಕುಳಿತು ಆಡುವ ಆಟ ಮತ್ತು ವಿಶ್ರಾಂತಿ, ಸಂಜೆ ಮೈದಾನ. ಈ ಕ್ರಮವನ್ನು ನಾನು ಯಾರ ಒತ್ತಾಯಕ್ಕೂ ಬದಲಿಸುವುದಿಲ್ಲ. ಮಕ್ಕಳಿಗೆ ಗಡಿಯಾರ ಬೇಡ, ನೆರಳನ್ನು ನೋಡಲು ಹೇಳಿಕೊಡುತ್ತೇನೆ: ನಿನ್ನ ನೆರಳು ನಿನಗಿಂತ ಗಿಡ್ಡವಾಯಿತೇ, ಒಳಗೆ ಬಾ. ನೆರಳು ಗಿಡ್ಡವಾದಷ್ಟೂ ಸೂರ್ಯ ನೆತ್ತಿಗೆ ಹತ್ತಿರ, ಅತಿನೇರಳೆ ಕಿರಣಗಳ ತೀವ್ರತೆಯೂ ಹೆಚ್ಚು. ಹಿರಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುತ್ತದೆ. "ನೀರು ಬೇಕೇ?" ಎಂದು ಕೇಳಿದರೆ ಬೇಡ ಎಂದೇ ಹೇಳುತ್ತಾರೆ. ಕೇಳದೆ ಲೋಟ ಕೈಗಿಡಬೇಕು. ಅದಕ್ಕಾಗಿಯೇ ಇಬ್ಬರು ಮಕ್ಕಳನ್ನು ನೀರಿನ ಉಸ್ತುವಾರಿಗೆ ನೇಮಿಸುತ್ತೇನೆ. ಓಆರ್‌ಎಸ್ ಪೊಟ್ಟಣಗಳನ್ನು ಮೊದಲೇ ತಂದಿಟ್ಟಿರುತ್ತೇನೆ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಯಾರಾದರೂ ಗೊಂದಲಗೊಂಡಂತೆ ಮಾತನಾಡಿದರೆ, ಮೈ ಸುಡುತ್ತಿದ್ದರೆ ಅದು ಬರಿಯ ಆಯಾಸವಲ್ಲ. ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲಾಘಾತ ಪ್ರಾಣಕ್ಕೇ ಅಪಾಯ. ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಇನ್ನು ಆಟಗಳಿಗೆ ಬರುತ್ತೇನೆ. ನನ್ನ ಪಾಲಿಗೆ ಸಮ್ಮಿಲನದ ಜೀವ ಇರುವುದು ಇಲ್ಲಿಯೇ. ಬಂದ ಮೊದಲ ಸಂಜೆಯೇ ಚೀಟಿ ಎತ್ತಿ ತಂಡಗಳನ್ನು ಮಾಡುತ್ತೇನೆ. ಗಂಡ–ಹೆಂಡತಿ ಒಂದೇ ತಂಡದಲ್ಲಿ ಇರುವಂತಿಲ್ಲ, ಒಡಹುಟ್ಟಿದವರೂ ಇರುವಂತಿಲ್ಲ. ಪ್ರತಿ ತಂಡದಲ್ಲೂ ಒಬ್ಬ ಹಿರಿಯರು, ಒಬ್ಬ ಚಿಕ್ಕ ಮಗು ಇರಲೇಬೇಕು. ನಾಯಕತ್ವ ಹತ್ತು–ಹನ್ನೆರಡರ ವಯಸ್ಸಿನವರಿಗೆ. ಅಷ್ಟು ವರ್ಷ ಕಚೇರಿ ನಡೆಸಿದ ದೊಡ್ಡಪ್ಪ ಆರನೇ ತರಗತಿಯ ಹುಡುಗಿಯ ಮಾತು ಕೇಳಿ ಸಾಲಿನಲ್ಲಿ ನಿಲ್ಲುವಾಗ ಆ ಹುಡುಗಿಯ ಬೆನ್ನು ನೆಟ್ಟಗಾಗುವುದನ್ನು ನೋಡಬೇಕು. ತಂಡದ ಗುರುತಿಗೆ ತೋಳಿಗೊಂದು ಬಣ್ಣದ ಬಟ್ಟೆಪಟ್ಟಿ ಸಾಕು. ಅದನ್ನು ಎರಡೂ ದಿನ ಬಿಚ್ಚುವಂತಿಲ್ಲ. ಹೆಸರು ಮರೆತರೂ "ನೀವು ನಮ್ಮ ಹಸಿರು ತಂಡದವರಲ್ಲವೇ?" ಎಂದು ಮಾತು ಶುರುವಾಗುತ್ತದೆ.

ಓಟ, ಜಿಗಿತಗಳನ್ನೇ ಇಟ್ಟರೆ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುತ್ತದೆ. ನಾನು ಇಡುವುದು ಒಬ್ಬರ ಕೈಗೆ ಇನ್ನೊಬ್ಬರ ಕೈ ಬೇಕಾಗುವ ಆಟಗಳನ್ನು. ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ಗುಂಡಿ ಹೊಲಿಯುವ ರಿಲೇ. ಮಗು ಸೂಜಿಗೆ ದಾರ ಪೋಣಿಸಬೇಕು, ಹಿರಿಯರು ಬಟ್ಟೆಯ ತುಂಡಿಗೆ ಗುಂಡಿ ಹೊಲಿಯಬೇಕು, ನಡುವಯಸ್ಸಿನವರು ಅದನ್ನು ಹಿಡಿದು ಮೈದಾನದ ಆ ತುದಿಗೆ ಓಡಬೇಕು. ಮಗುವಿಗೆ ಕಣ್ಣು ಚುರುಕು, ಹಿರಿಯರಿಗೆ ಕೈ ಪಳಗಿದ್ದು, ನಡುವಿನವರಿಗೆ ಕಾಲು ಗಟ್ಟಿ. ನಮ್ಮ ಚಿಕ್ಕಜ್ಜಿ ದಾರದ ತುದಿಯನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಉಜ್ಜಿ ಕೆಳಗೆಳೆದು ಗಂಟು ಹಾಕುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಬಿದ್ದಿರುತ್ತದೆ. ಪಕ್ಕದಲ್ಲಿದ್ದ ಹುಡುಗ ಆಟವನ್ನೇ ಮರೆತು "ಅಜ್ಜಿ, ಇನ್ನೊಮ್ಮೆ ತೋರಿಸಿ" ಎಂದು ಕುಳಿತುಬಿಟ್ಟ. ಆ ತಂಡ ಸೋತಿತು. ರಾತ್ರಿ ಊಟವಾದ ಮೇಲೂ ಅವನು ಅವರ ಪಕ್ಕ ಕುಳಿತು ಗಂಟು ಹಾಕುತ್ತಿದ್ದ.

ಹಗ್ಗಜಗ್ಗಾಟ ಇಲ್ಲದೆ ಸಂಜೆ ಮುಗಿಯುವುದಿಲ್ಲ. 1900ರಿಂದ 1920ರವರೆಗಿನ ಒಲಿಂಪಿಕ್ಸ್‌ಗಳಲ್ಲಿ ಇದೂ ಒಂದು ಸ್ಪರ್ಧೆಯಾಗಿತ್ತು ಎಂದು ಹೇಳಿದರೆ ಹುಡುಗರಿಗೆ ಹುರುಪು ಬರುತ್ತದೆ. ಆದರೆ ಇದು ನಾನು ಅತಿ ಹೆಚ್ಚು ಕಟ್ಟುನಿಟ್ಟಾಗಿರುವ ಆಟವೂ ಹೌದು. 1997ರಲ್ಲಿ ತೈಪೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಎಳೆಯುತ್ತಿದ್ದ ಹಗ್ಗ ತುಂಡಾಗಿ ಇಬ್ಬರ ತೋಳುಗಳೇ ಕಿತ್ತುಹೋದವು. ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ತುಂಬಿಕೊಳ್ಳುತ್ತದೆ, ತುಂಡಾದರೆ ಅಷ್ಟೂ ಶಕ್ತಿ ಚಾಟಿಯೇಟಾಗಿ ಹಿಂದಿರುಗುತ್ತದೆ. ಅದಕ್ಕೇ ದಪ್ಪನೆಯ ನಾರಿನ ಹಗ್ಗವನ್ನೇ ತರುತ್ತೇನೆ, ಎಳೆ ಬಿಟ್ಟಿದೆಯೇ ಎಂದು ಉದ್ದಕ್ಕೂ ಕೈಯಾಡಿಸಿ ನೋಡುತ್ತೇನೆ. ಒಂದು ಬದಿಗೆ 8 ಜನರಿಗಿಂತ ಹೆಚ್ಚು ನಿಲ್ಲಿಸುವುದಿಲ್ಲ. ಹಗ್ಗವನ್ನು ಅಂಗೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳುವಂತಿಲ್ಲ, ಕುಣಿಕೆ ಹಾಕುವಂತಿಲ್ಲ. ಬೆರಳಲ್ಲಿ ಉಂಗುರ ಇದ್ದರೆ ತೆಗೆದಿಟ್ಟು ಬರಬೇಕು. ಇಷ್ಟಾದ ಮೇಲೆ ಗೆಲ್ಲುವ ಗುಟ್ಟು ಒಂದೇ: ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ಕರೆಯ ತಾಳಕ್ಕೆ ಎಳೆಯುವುದು. ಆ ಕರೆ ಕೊಡುವ ಕೆಲಸ ನಮ್ಮಲ್ಲಿ ಹಿರಿಯರದು. ಕುರ್ಚಿಯಲ್ಲಿ ಕುಳಿತೇ ಅವರು ತಂಡ ಗೆಲ್ಲಿಸುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಮೂಕಾಭಿನಯ, ಚದುರಂಗ, ಕೇರಂ ಇದ್ದೇ ಇರುತ್ತವೆ. ಅವಕ್ಕೆ ವಿವರಣೆ ಬೇಡ. ನಾನು ಮನಸ್ಸಿಟ್ಟು ಸಿದ್ಧಪಡಿಸುವುದು ಮನೆತನದ ರಸಪ್ರಶ್ನೆಯನ್ನು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಷ್ 2001ರ ಸುಮಾರಿಗೆ ಮಕ್ಕಳಿಗೆ ತಮ್ಮ ಕುಟುಂಬದ ಬಗ್ಗೆ ಎಷ್ಟು ಗೊತ್ತು ಎಂದು ಅಳೆಯಲು 20 ಪ್ರಶ್ನೆಗಳನ್ನು ರೂಪಿಸಿದರು. ನಿನ್ನ ತಂದೆ–ತಾಯಿ ಹೇಗೆ ಭೇಟಿಯಾದರು, ಅಜ್ಜ–ಅಜ್ಜಿ ಎಲ್ಲಿ ಬೆಳೆದರು ಎಂಬಂಥ ಪ್ರಶ್ನೆಗಳು ಅವು. ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮಗೌರವವೂ ತಮ್ಮ ಬದುಕು ತಮ್ಮ ಹಿಡಿತದಲ್ಲಿದೆ ಎಂಬ ನಂಬಿಕೆಯೂ ಹೆಚ್ಚಾಗಿ ಕಂಡವು. ಉತ್ತರ ಬಾಯಿಪಾಠ ಮಾಡಿಸಿದರೆ ಅದು ಬರುವುದಿಲ್ಲ, ಕಥೆ ಹೇಳುವ ಮನೆಯಲ್ಲಿ ಬೆಳೆದರೆ ಬರುತ್ತದೆ. ಹಾಗಾಗಿ ನನ್ನ ರಸಪ್ರಶ್ನೆಯಲ್ಲಿ ಉತ್ತರ ಗೊತ್ತಿಲ್ಲದ ಮಗುವಿಗೆ ಐದು ನಿಮಿಷ ಕೊಡುತ್ತೇನೆ. ಮನೆಯಲ್ಲಿ ಯಾರನ್ನು ಬೇಕಾದರೂ ಹುಡುಕಿ ಕೇಳಿಕೊಂಡು ಬರಬಹುದು. ಆ ಐದು ನಿಮಿಷ ಎಂದೂ ಐದಕ್ಕೆ ಮುಗಿಯುವುದಿಲ್ಲ.

ಪ್ರಶ್ನೆ ಆರಿಸುವಾಗ ಹಿರಿಯರ ಹತ್ತರಿಂದ ಮೂವತ್ತರೊಳಗಿನ ವಯಸ್ಸಿನ ದಿನಗಳಿಗೆ ಒತ್ತು ಕೊಡುತ್ತೇನೆ. ಇಳಿವಯಸ್ಸಿನಲ್ಲಿ ಮನುಷ್ಯರಿಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವುದು ಆ ಕಾಲವೇ. ನಿನ್ನೆಯ ಊಟ ನೆನಪಿಲ್ಲದವರೂ ಮೊದಲ ಸಂಬಳದಲ್ಲಿ ಕೊಂಡ ಸೈಕಲ್ಲಿನ ಬಣ್ಣ ಹೇಳುತ್ತಾರೆ.

ಊರು ನೋಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಒಂದು ಬೆಳಗ್ಗೆ ಒಂದೇ ಜಾಗ. ನಾಲ್ಕು ಸ್ಥಳಗಳ ಪಟ್ಟಿ ಹಿಡಿದು ಹೊರಟರೆ ಅರ್ಧ ದಿನ ವಾಹನದಲ್ಲಿ, ಉಳಿದರ್ಧ "ಎಲ್ಲರೂ ಬಂದರಾ?" ಎಂಬ ಕೂಗಾಟದಲ್ಲಿ ಕಳೆಯುತ್ತದೆ. ಅದೂ ದೂರದ ಪ್ರಸಿದ್ಧ ತಾಣವೇ ಆಗಬೇಕಿಲ್ಲ. ಹತ್ತಿರದಲ್ಲೇ ಇದ್ದು, ಮನೆಯವರು ಯಾರಾದರೂ ಅದರ ಬಗ್ಗೆ ಮಾತನಾಡಬಲ್ಲರಾದರೆ ಅದೇ ಉತ್ತಮ. ಹೋಗುವ ಮೊದಲು ನಾನೊಬ್ಬನೇ ಒಮ್ಮೆ ನಡೆದು ನೋಡಿಬರುತ್ತೇನೆ. ಶೌಚಾಲಯ ಎಲ್ಲಿದೆ, ಎಷ್ಟು ಮೆಟ್ಟಿಲಿವೆ, ಕುಳಿತುಕೊಳ್ಳಲು ಕಟ್ಟೆ ಇದೆಯೇ, ನೆರಳು ಯಾವ ಕಡೆ ಬೀಳುತ್ತದೆ, ವಾರದ ರಜೆ ಯಾವಾಗ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳುತ್ತೇನೆ. ಸಮ್ಮಿಲನ ಮೇ ತಿಂಗಳಲ್ಲಿ ಬಿದ್ದರೆ 18ನೇ ತಾರೀಖನ್ನು ನೋಡಿಕೊಳ್ಳುವುದು ಒಳ್ಳೆಯದು. 1977ರಿಂದ ಅದನ್ನು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನವಾಗಿ ಆಚರಿಸುತ್ತಾರೆ, ಅಂದು ಹಲವು ಕಡೆ ಪ್ರವೇಶ ಉಚಿತ. ನಡೆಯುವಾಗ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಬೇಕು. ಅವರು ಹಿಂದೆ ಉಳಿದರೆ ಮುಂದಿನವರು ಕಾದು ವಿಶ್ರಮಿಸುತ್ತಾರೆ, ಅವರು ಬಂದು ಸೇರುತ್ತಿದ್ದಂತೆಯೇ ಎಲ್ಲರೂ ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ಅದು ಸಿಗುವುದಿಲ್ಲ.

ನಾವು ಹೋದ ಜಾಗಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಒಂದು ಚಿಕ್ಕ ರೈಲು ನಿಲ್ದಾಣ. ನೋಡಲು ಅಲ್ಲಿ ಏನೂ ಇಲ್ಲ ಎಂದೇ ಎಲ್ಲರ ವಾದವಾಗಿತ್ತು. ಆದರೆ ಚಿಕ್ಕಪ್ಪ ಬಹಳ ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವರು. ಮೊದಲೇ ಅನುಮತಿ ಕೇಳಿಕೊಂಡಿದ್ದೆವು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತು ಅವರು, ಒಂದೇ ಹಳಿಯಲ್ಲಿ ಎದುರುಬದುರು ರೈಲುಗಳು ಬರದಂತೆ ತಡೆಯುತ್ತಿದ್ದುದು ಹೇಗೆ ಎಂದು ಮಕ್ಕಳಿಗೆ ಹೇಳಿದರು. ಎರಡು ನಿಲ್ದಾಣಗಳ ನಡುವಿನ ಹಳಿಗೆ ಟೋಕನ್ ಇರುತ್ತಿತ್ತು, ಅಂದರೆ ಮುಂದೆ ಹೋಗಲು ಅಪ್ಪಣೆಯ ಗುರುತಾಗಿ ಚಾಲಕನ ಕೈಗೆ ಕೊಡುವ ಲೋಹದ ಗುಂಡು. ಅದು ಕೈಗೆ ಬರದೆ ಚಾಲಕ ಮುಂದೆ ಹೋಗುವಂತಿರಲಿಲ್ಲ. ಎರಡೂ ನಿಲ್ದಾಣಗಳಲ್ಲಿ ಟೋಕನ್ ಕೊಡುವ ಯಂತ್ರಗಳು ಒಂದಕ್ಕೊಂದು ಬೆಸೆದಿರುತ್ತಿದ್ದುದರಿಂದ ಒಂದು ಟೋಕನ್ ಹೊರಗಿರುವಾಗ ಇನ್ನೊಂದು ಬರುತ್ತಲೇ ಇರಲಿಲ್ಲ. "ಹಾಗಾದರೆ ಟೋಕನ್ ಕಳೆದುಹೋದರೆ?" ಎಂದಳು ಒಬ್ಬಳು. ಚಿಕ್ಕಪ್ಪನ ಮುಖ ಅರಳಿತು. ಅವರ ಮಕ್ಕಳೂ ಇಷ್ಟು ವರ್ಷ ಕೇಳದಿದ್ದ ಪ್ರಶ್ನೆ ಅದು. ಅದಕ್ಕೆ ಉತ್ತರವಾಗಿ ಬಂದ ಮಳೆಗಾಲದ ರಾತ್ರಿಯ ಕಥೆಯನ್ನು ಅವರ ಮಗನೂ ಅಂದೇ ಮೊದಲ ಸಲ ಕೇಳಿದ್ದು.

ಇಂಥ ಮಾತುಗಳು ಗಾಳಿಗೆ ಹೋಗಬಾರದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹೇಳುವವರ ಒಪ್ಪಿಗೆ ಪಡೆದು, ಅವರ ಬಾಯಿಂದ ಒಂದು ಮೊಳದ ಒಳಗೆ ಇಡುತ್ತೇನೆ. ಫ್ಯಾನ್ ನಿಲ್ಲಿಸಿದರೆ ಧ್ವನಿ ಸ್ವಚ್ಛವಾಗಿ ಬರುತ್ತದೆ. ಬೇಸಿಗೆಯಲ್ಲಿ ಅದು ಕಷ್ಟ, ಹಾಗಾಗಿ ಮುಂಜಾನೆಯೇ ಸರಿಯಾದ ಹೊತ್ತು. ಕೇಳುವವರು ಮೊಮ್ಮಕ್ಕಳೇ ಆಗಿರಲಿ. ಅವರಿಗೆ ಹೇಳುವಾಗ ಹಿರಿಯರು ಏನನ್ನೂ "ನಿಮಗೆ ಗೊತ್ತೇ ಇದೆ" ಎಂದು ಹಾರಿಸಿಬಿಡುವುದಿಲ್ಲ. ಹಳೆಯ ಫೋಟೋಗಳನ್ನೂ ತರಲು ಹೇಳಿರುತ್ತೇನೆ. ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಷ್ ಇಲ್ಲದೆ ಅವನ್ನು ಫೋನಿನಲ್ಲಿ ತೆಗೆದುಕೊಂಡು, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಹೆಸರು ಬರೆಯುತ್ತೇವೆ. ಬಾಲ್‌ಪೆನ್ನು ಒತ್ತಿದ ಗೆರೆ ಮುಂಬದಿಯ ಮುಖದ ಮೇಲೆ ಮೂಡುತ್ತದೆ.

ಎರಡನೆಯ ಮಧ್ಯಾಹ್ನವನ್ನು ಪೂರ್ತಿ ಖಾಲಿ ಬಿಡುತ್ತೇನೆ. ಯಾರಾದರೂ "ಈಗ ಏನು ಕಾರ್ಯಕ್ರಮ?" ಎಂದರೆ ಏನೂ ಇಲ್ಲ ಎನ್ನುತ್ತೇನೆ. ಮಲಗುವವರು ಮಲಗಲಿ. ವರ್ಷಗಳಿಂದ ಮಾತು ಬಿಟ್ಟಿದ್ದ ಇಬ್ಬರಿಗೆ ಮೂಲೆಯಲ್ಲಿ ಕುಳಿತು ಮಾತನಾಡಲು ಬಿಡುವು ಬೇಕು, ಅದನ್ನು ಕಾರ್ಯಕ್ರಮಪಟ್ಟಿಯಲ್ಲಿ ಬರೆಯಲಾಗುವುದಿಲ್ಲ.

ಹೊರಡುವ ಮೊದಲು ಎರಡು ಕೆಲಸ ಮುಗಿಸುತ್ತೇನೆ. ಎಲ್ಲರೂ ಇರುವಾಗಲೇ ಲೆಕ್ಕ ಒಪ್ಪಿಸುತ್ತೇನೆ, ಒಟ್ಟು ಖರ್ಚು ಮತ್ತು ಉಳಿಕೆ ಮಾತ್ರ. ಆಮೇಲೆ ಮುಂದಿನ ವರ್ಷದ ತಿಂಗಳನ್ನು ಗೊತ್ತುಮಾಡಿ, ಆಟಗಳ ಹೊಣೆಯನ್ನು ಇಪ್ಪತ್ತರ ಒಳಗಿನ ಇಬ್ಬರಿಗೆ ಒಪ್ಪಿಸುತ್ತೇನೆ. ಹಗ್ಗವೂ ಬಣ್ಣದ ಪಟ್ಟಿಗಳೂ ಅವರ ಮನೆಗೇ ಹೋಗುತ್ತವೆ.