ಡ್ರಕೋನಿಯನ್: ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಇಂಗ್ಲಿಷ್ ಪೇಪರ್ ಓದುವವರಿಗೆ ಈ ಪದ ಹೊಸದಲ್ಲ. ಬಿಗಿಯಾದ ಕಾನೂನೊಂದು ಬಂದರೆ ಸಾಕು, ವಿರೋಧಿಸುವವರ ಬಾಯಲ್ಲಿ ಬರುವುದೇ 'ಡ್ರಕೋನಿಯನ್'. ಕನ್ನಡ ಪತ್ರಿಕೆಗಳು 'ಕರಾಳ ಕಾಯ್ದೆ' ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಓದುವಾಗ ಅರ್ಥವಾಗುತ್ತದೆ. ನಾವೇ ಬಳಸಲು ಹೊರಟಾಗ ಮಾತ್ರ ತೊಡಕು. ಒಂದೋ ಹಿಂಜರಿಯುತ್ತೇವೆ, ಇಲ್ಲವೇ ಕೇಳಲು ಜೋರಾಗಿದೆ ಅಂತ ಎಲ್ಲೆಂದರಲ್ಲಿ ತುರುಕುತ್ತೇವೆ. ಎರಡನೆಯದೇ ಜಾಸ್ತಿ.

ಹೆಜ್ಜೆ 1: ಪದದ ಹಿಂದಿರುವ ಮನುಷ್ಯನನ್ನು ನೋಡಿ

ಇದು ಒಬ್ಬನ ಹೆಸರಿನಿಂದ ಹುಟ್ಟಿದ ಪದ. ಅವನು ಡ್ರೇಕೋ. ಕ್ರಿ.ಪೂ. 621ರ ಸುಮಾರಿಗೆ ಅಥೆನ್ಸ್‌ಗೆ ಕಾನೂನು ಬರೆದುಕೊಟ್ಟವನು. ಅಲ್ಲಿಯವರೆಗೆ ಕಾನೂನೆಲ್ಲ ಬಾಯಿಮಾತಿನಲ್ಲೇ ಇತ್ತು, ದೊಡ್ಡ ಮನೆತನದವರು ಹೇಳಿದ್ದೇ ನ್ಯಾಯ. ಅದನ್ನು ಬರಹಕ್ಕಿಳಿಸಿದ್ದು ಒಳ್ಳೆಯ ಕೆಲಸವೇ. ಆದರೆ ಶಿಕ್ಷೆಯ ವಿಷಯದಲ್ಲಿ ದಯೆ ದಾಕ್ಷಿಣ್ಯ ಇರಲಿಲ್ಲ. ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ಹೇಳುವ ಪ್ರಕಾರ, ಹಣ್ಣು ತರಕಾರಿ ಕದ್ದರೂ ಮರಣದಂಡನೆ, ಸೋಮಾರಿಯಾಗಿ ಕೂತರೂ ಮರಣದಂಡನೆ. ಯಾಕಪ್ಪಾ ಹೀಗೆ ಅಂತ ಕೇಳಿದ್ದಕ್ಕೆ, ಸಣ್ಣ ತಪ್ಪಿಗೆ ಸಾವೇ ತಕ್ಕ ಶಿಕ್ಷೆ, ದೊಡ್ಡ ತಪ್ಪಿಗೆ ಅದಕ್ಕಿಂತ ದೊಡ್ಡದು ಸಿಗಲಿಲ್ಲ ಎಂದನಂತೆ. ಆಮೇಲೆ ಬಂದ ಡೆಮೇಡಿಸ್ ಎಂಬ ಭಾಷಣಕಾರ, ಡ್ರೇಕೋ ಬರೆದದ್ದು ಮಸಿಯಲ್ಲಲ್ಲ, ರಕ್ತದಲ್ಲಿ ಎಂದ. ಕ್ರಿ.ಪೂ. 594ರಲ್ಲಿ ಸೋಲನ್ ಎಂಬ ಸುಧಾರಕ ಅಥೆನ್ಸ್‌ನಲ್ಲಿ ಅಧಿಕಾರಕ್ಕೆ ಬಂದ ಮೇಲೆ ಕೊಲೆಯ ಕಾನೂನೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಹಾಕಿದ.

ಪ್ಲುಟಾರ್ಕ್ ಇದನ್ನು ಬರೆದದ್ದು ಸುಮಾರು 700 ವರ್ಷ ಕಳೆದ ಮೇಲೆ. ಅಷ್ಟಿಷ್ಟು ಉಪ್ಪುಖಾರ ಸೇರಿದ್ದರೂ ಸೇರಿರಬಹುದು. ತಮಾಷೆ ನೋಡಿ, ಕ್ರಿ.ಪೂ. 409ರಲ್ಲಿ ಮತ್ತೆ ಕಲ್ಲಿನ ಮೇಲೆ ಕೆತ್ತಿಸಿದ ಆ ಕೊಲೆಯ ಕಾನೂನು ಅಷ್ಟೇನೂ ಕ್ರೂರವಾಗಿಲ್ಲ. ಉದ್ದೇಶವಿಲ್ಲದೆ ಕೊಂದವನಿಗೆ ಅಲ್ಲಿ ಸಾವಲ್ಲ, ಗಡೀಪಾರು. ಪಾಪ, ಹೆಸರು ಮಾತ್ರ ಕೆಟ್ಟಿತು.

ಹೆಜ್ಜೆ 2: ಮುಂದೆ ಯಾವ ಪದ ಇದೆ ಅಂತ ನೋಡಿ

ಕಥೆ ಗೊತ್ತಾದರೆ ಅರ್ಧ ವ್ಯಾಕರಣ ತಾನಾಗಿ ಬರುತ್ತದೆ. ಡ್ರೇಕೋ ಬರೆದದ್ದು ಕಾನೂನು. ಹಾಗಾಗಿ ಈ ಪದ ಹೋಗಿ ಕೂರುವುದೂ ಕಾನೂನು, ನಿಯಮ, ಶಿಕ್ಷೆ, ನಿರ್ಬಂಧ, ಕಡಿತ ಇಂಥವುಗಳ ಜೊತೆಗೇ. ಡ್ರಕೋನಿಯನ್ ಲಾಸ್, ಡ್ರಕೋನಿಯನ್ ಮೆಷರ್ಸ್, ಡ್ರಕೋನಿಯನ್ ಪೆನಾಲ್ಟೀಸ್, ಡ್ರಕೋನಿಯನ್ ಕಟ್ಸ್. ಯಾರೋ ಅಧಿಕಾರದಲ್ಲಿರುವವರು ಹೇರಿದ್ದಾಗಿರಬೇಕು.

ಚಳಿಗೆ ಇದು ಬೇಡ. ಕೊರೆಯುವ ಚಳಿಗಾಲ 'ಹಾರ್ಷ್' ಅಥವಾ 'ಸಿವಿಯರ್'. ಕಣ್ಣು ಕುಕ್ಕುವ ಬೆಳಕು, ಕರ್ಕಶ ದನಿ, ಚುಚ್ಚುಮಾತು ಇವಕ್ಕೂ 'ಹಾರ್ಷ್' ಸಾಕು. ವ್ಯಕ್ತಿಗಳಿಗೂ ಸಾಮಾನ್ಯವಾಗಿ ಬೇಡ. ಮೇಲಧಿಕಾರಿ 'ಸ್ಟ್ರಿಕ್ಟ್' ಇರಬಹುದು, 'ಹಾರ್ಷ್' ಇರಬಹುದು. ಅವರು ಹೊರಡಿಸಿದ ಆದೇಶ ಡ್ರಕೋನಿಯನ್.

ಹೆಜ್ಜೆ 3: ತಪ್ಪನ್ನೂ ಶಿಕ್ಷೆಯನ್ನೂ ತೂಗಿ

ಎಲ್ಲರೂ ಎಡವುವುದು ಇಲ್ಲೇ. ನಿಯಮ ಕಷ್ಟವಾಗಿದೆ ಎಂದ ಮಾತ್ರಕ್ಕೆ ಅದು ಡ್ರಕೋನಿಯನ್ ಆಗುವುದಿಲ್ಲ. ಒಂದು ಕಚೇರಿಯನ್ನೇ ತೆಗೆದುಕೊಳ್ಳಿ. ಒಂಬತ್ತು ಗಂಟೆಗೆ ಸರಿಯಾಗಿ ಬರಬೇಕು ಎಂಬ ನಿಯಮ ಬರೀ 'ಸ್ಟ್ರಿಕ್ಟ್'. ಈ ಮಾತು ಬೈಗುಳವೂ ಅಲ್ಲ, ಎಷ್ಟೋ ಸಲ ಮೆಚ್ಚುಗೆಯೇ. ತಡವಾಗಿ ಬಂದವರನ್ನು ಎಲ್ಲರೆದುರು ಗದರಿದರೆ ಅದು 'ಹಾರ್ಷ್'. ಐದು ನಿಮಿಷ ತಡವಾಗಿದ್ದಕ್ಕೆ ಒಂದು ವಾರದ ಸಂಬಳಕ್ಕೇ ಕತ್ತರಿ ಹಾಕಿದರೆ? ಈಗ ಬಂತು ನೋಡಿ ಡ್ರಕೋನಿಯನ್. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುತ್ತೇವಲ್ಲ, ಆ ಅಳತೆ ತಪ್ಪಿದ ಪೆಟ್ಟು ಇರಬೇಕು.

ಹಾಗೆಯೇ, ಶಿಕ್ಷೆ ಎಷ್ಟೇ ದೊಡ್ಡದಿದ್ದರೂ ತಪ್ಪು ಅಷ್ಟೇ ದೊಡ್ಡದಾಗಿದ್ದರೆ 'ಸಿವಿಯರ್' ಎನ್ನಿ. ಅದರಲ್ಲಿ ಆಕ್ಷೇಪ ಇಲ್ಲ. ಡ್ರಕೋನಿಯನ್ ಎಂದ ಕೂಡಲೇ ನೀವು ಒಂದು ಪಕ್ಷ ಹಿಡಿದಂತೆ. ನಿಯಮ ಮಾಡಿದವರು ತಮ್ಮ ನಿಯಮವನ್ನು ಹೀಗೆ ಕರೆದುಕೊಳ್ಳುವುದಿಲ್ಲ ಅಲ್ವಾ?

ಹೆಜ್ಜೆ 4: ಇಮೇಲ್‌ನಲ್ಲಿ ಸ್ವಲ್ಪ ಮೆತ್ತಗೆ

ಮೇಲಿನ ಕಚೇರಿಯಲ್ಲಿ ನೀವಿದ್ದೀರಿ ಅಂದುಕೊಳ್ಳಿ. ಮ್ಯಾನೇಜರ್‌ಗೆ ಬರೆಯಬೇಕು. 'ಯುವರ್ ರೂಲ್ ಈಸ್ ಡ್ರಕೋನಿಯನ್' ಎಂದು ಬರೆದರೆ ವ್ಯಾಕರಣ ಸರಿ, ಪರಿಣಾಮ ಕೆಟ್ಟದ್ದು. ನೀವು ದಬ್ಬಾಳಿಕೆ ಮಾಡುತ್ತಿದ್ದೀರಿ ಎಂದು ನೇರವಾಗಿ ಮುಖಕ್ಕೆ ಹೇಳಿದ ಹಾಗೆ. ಮೊದಲು 'ಯುವರ್' ತೆಗೆದು 'ದಿಸ್' ಹಾಕಿ. ಬೆರಳು ವ್ಯಕ್ತಿಯಿಂದ ನಿಯಮದ ಕಡೆಗೆ ತಿರುಗುತ್ತದೆ. ಆಮೇಲೆ 'ಈಸ್' ಜಾಗದಲ್ಲಿ 'ಸೀಮ್ಸ್'. ಬೇಕಿದ್ದರೆ 'ಎ ಲಿಟಲ್' ಸೇರಿಸಿ: 'ದಿಸ್ ರೂಲ್ ಸೀಮ್ಸ್ ಎ ಲಿಟಲ್ ಡ್ರಕೋನಿಯನ್.' ಮಾತು ಅದೇ, ಆದರೆ ಎದುರಿನವರು ಉತ್ತರ ಕೊಡಲು ಜಾಗ ಉಳಿಯಿತು. ಯಾಕೆ ಹಾಗನ್ನಿಸಿತು ಎಂಬುದನ್ನೂ ಮುಂದಿನ ಸಾಲಿನಲ್ಲೇ ಬರೆಯಿರಿ. ತಪ್ಪು ಎಷ್ಟು, ಶಿಕ್ಷೆ ಎಷ್ಟು, ಎರಡನ್ನೂ ಪಕ್ಕಪಕ್ಕ ಇಡಿ. ಕಾರಣ ಇಲ್ಲದೆ ಬಂದ ಡ್ರಕೋನಿಯನ್ ಸುಮ್ನೆ ಕೂಗಾಟ.

'ವೆರಿ ಡ್ರಕೋನಿಯನ್' ಮಾತ್ರ ಬೇಡ. ಪದವೇ ತುದಿಯಲ್ಲಿದೆ, ಇನ್ನೂ ಮೇಲಕ್ಕೆ ತಳ್ಳುವುದೇಕೆ?

ಮನೆಯಲ್ಲಿ, ಗೆಳೆಯರ ಜೊತೆ ತಮಾಷೆಗೆ ಬಳಸಲು ಅಡ್ಡಿಯಿಲ್ಲ. ಊಟದ ಹೊತ್ತಿಗೆ ಮೊಬೈಲ್ ಮುಟ್ಟಬಾರದು ಎಂದ ಅಮ್ಮನ ನಿಯಮವನ್ನು ಮಗಳು ಡ್ರಕೋನಿಯನ್ ಎಂದರೆ ಎಲ್ಲರೂ ನಗುತ್ತಾರೆ. ಉತ್ಪ್ರೇಕ್ಷೆ ಎಂದು ಗೊತ್ತಿರುವುದಕ್ಕೇ ಆ ನಗು. ಬರಹದಲ್ಲಿ ದನಿ ಕೇಳಿಸುವುದಿಲ್ಲ, ಅಲ್ಲಿ ಹುಷಾರು.

ಹೆಜ್ಜೆ 5: ಉಚ್ಚಾರ, ಸ್ಪೆಲಿಂಗ್

ಡ್ರ-ಕೋ-ನಿ-ಅನ್. ಒತ್ತು 'ಕೋ' ಮೇಲೆ. ಮೂಲದಲ್ಲಿ ವ್ಯಕ್ತಿಯ ಹೆಸರಾದರೂ ಈಗ ಸಾಮಾನ್ಯವಾಗಿ ಸಣ್ಣ 'ಡಿ'ಯಿಂದಲೇ ಬರೆಯುತ್ತಾರೆ. ಇದರ ಕೊನೆಗೆ 'ಲಿ' ಅಂಟಿಸಿ ಕ್ರಿಯೆಯ ಜೊತೆ ಬಳಸಲು ಹೋಗಬೇಡಿ, ನಾಲಿಗೆ ತೊಡರುತ್ತದೆ. ಅಂಥ ಕಡೆ 'ಹಾರ್ಷ್‌ಲಿ' ಎಂದರೆ ಕೆಲಸ ಮುಗಿಯಿತು.